ಕರಬಂದಿಯಿಂದ ಏಳನೇ ನಮೂನೆಯವರೆಗೆ: ಅಂಕೋಲೆಯ ನೆಲ ಮತ್ತು ಅದಕ್ಕಾಗಿ ನಿಂತವರು

1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿಯಿತು. ಮೊದಲ ಪೊಟ್ಟಣವನ್ನು ಹರಾಜಿನಲ್ಲಿ ಕಣಗಿಲದ ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಹಿಡಿದರು. ಆಗ ಉಪ್ಪಿನ ಸುಂಕ ಮಣಕ್ಕೆ ಒಂದೂಕಾಲು ರೂಪಾಯಿ. 24 ಮಣ ಉಪ್ಪಿನ ಸುಂಕದಷ್ಟು ಹಣ ಒಂದು ಪೊಟ್ಟಣಕ್ಕೆ ಬಂತು.

ಉಪ್ಪು ಮಾಡುವುದು ಕಷ್ಟವಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ, ಅದರಲ್ಲಿ ಊಟದ ಉಪ್ಪು 27 ಗ್ರಾಂನಷ್ಟು. ನೀರು ಪೂರ್ತಿ ಇಂಗುವವರೆಗೆ ಕುದಿಸಿದರೆ ಮೆಗ್ನೀಸಿಯಂ ಲವಣವೂ ಸೇರಿ ಉಪ್ಪು ಕಹಿಯಾಗುತ್ತದೆ, ಗಾಳಿಗೆ ಒಸರುತ್ತದೆ. ಹಾಗಾಗಿ ಕೊನೆಯ ಸ್ವಲ್ಪ ನೀರನ್ನು ಬಸಿದು ಚೆಲ್ಲಬೇಕು. ಏಪ್ರಿಲ್ ಹೊತ್ತಿಗೆ ಮಳೆ ನಿಂತು ತಿಂಗಳುಗಳಾಗಿ, ಹೊಳೆಬಾಯಿಯ ನೀರೂ ಚೆನ್ನಾಗಿ ಉಪ್ಪಾಗಿರುತ್ತದೆ.

ಅಂಕೋಲೆ ಎಂದರೆ ಎಲ್ಲರಿಗೂ ನೆನಪಾಗುವುದು ಈ ಉಪ್ಪೇ. ಆದರೆ ಊರಿನವರು ನಿಜವಾದ ಬೆಲೆ ತೆತ್ತದ್ದು ಆಮೇಲೆ, ಕರಬಂದಿಯಲ್ಲಿ, ಅಂದರೆ ಸರಕಾರಕ್ಕೆ ಕಂದಾಯ ಕಟ್ಟದೆ ನಿಂತ ಚಳವಳಿಯಲ್ಲಿ. ಉಪ್ಪು ಮಾಡಿದವರಿಗೆ ಕೆಲವು ತಿಂಗಳ ಜೈಲು. ಕಂದಾಯ ಕಟ್ಟದವರಿಗೆ ಹೋದದ್ದು ಗದ್ದೆ.

1862ರಲ್ಲಿ ಮದರಾಸಿನಿಂದ ಬೇರ್ಪಟ್ಟ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕಂದಾಯ ವಸೂಲಿಗೆ 1879ರ ಮುಂಬಯಿ ಕಂದಾಯ ಕಾಯ್ದೆಯೇ ಆಧಾರ. ಕಂತು ತಪ್ಪಿದರೆ ಮೊದಲು ನೋಟೀಸು. ಬಾಕಿಯ ಕಾಲು ಭಾಗದವರೆಗೆ ದಂಡ, ಅದಕ್ಕೆ ಚೌತಾಯಿ ಎನ್ನುತ್ತಿದ್ದರು. ಆಮೇಲೆ ದನ, ಪಾತ್ರೆ, ಭತ್ತದ ಜಪ್ತಿ. ಅದಕ್ಕೂ ಬಗ್ಗದಿದ್ದರೆ ಖಾತೆಯನ್ನೇ ಮುಟ್ಟುಗೋಲು ಹಾಕಿ ಜಮೀನನ್ನು ಲಿಲಾವಿಗೆ (ಹರಾಜಿಗೆ) ಇಡುವುದು. ಕೆಲವೇ ರೂಪಾಯಿ ಬಾಕಿಗೆ ತಲೆಮಾರಿನ ಗದ್ದೆ ಬೇರೆಯವರ ಹೆಸರಿಗೆ ಹೋಗಬಹುದಿತ್ತು. ಸೂರ್ವೆ, ಕಣಗಿಲ, ಹಿಚ್ಕಡದಂಥ ಹಳ್ಳಿಗಳ ನಾಡವ ಸಮುದಾಯದ ರೈತರು ಇದೆಲ್ಲ ಗೊತ್ತಿದ್ದೂ ಕಂದಾಯ ತಡೆದರು. 1931ರ ಗಾಂಧಿ–ಇರ್ವಿನ್ ಒಪ್ಪಂದಕ್ಕೆ ಒಮ್ಮೆ ನಿಂತ ಚಳವಳಿ 1932ರಲ್ಲಿ ಮತ್ತೆ ಹೊತ್ತಿಕೊಂಡಿತು.

ಘಟ್ಟದ ಮೇಲೆ ಸಿದ್ದಾಪುರದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಜಪ್ತಿಯಾದದ್ದನ್ನು ಕೊಂಡವರ ಮನೆಬಾಗಿಲಲ್ಲಿ ಹೆಂಗಸರು ಉಪವಾಸ ಕುಳಿತರು. ಲಿಲಾವಿಗೆ ಕೂಗುವವರೇ ಇಲ್ಲವಾದರೆ ಜಪ್ತಿಗೆ ಅರ್ಥವಿಲ್ಲ, ಏಟು ಬಿದ್ದದ್ದು ಸರಿಯಾದ ಜಾಗಕ್ಕೆ. ಆ ತಾಯಂದಿರ ಸ್ಮಾರಕ ಮಾವಿನಗುಂಡಿಯಲ್ಲಿದೆ. ಜಿಲ್ಲೆಯ ಶಾಲಾ ಮಕ್ಕಳನ್ನೆಲ್ಲ ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ಯಬೇಕು. ಕಳೆದ ಜಮೀನು ಮರಳಿ ಕೊಡಿಸಲು ಮುಂಬಯಿಯ ಕಾಂಗ್ರೆಸ್ ಸರಕಾರ ಕಾಯ್ದೆ ಮಾಡಿದ್ದು 1938ರಲ್ಲಿ.

ಇಲ್ಲಿಗೆ ಕಥೆ ಮುಗಿಸುವುದು ರೂಢಿ. ಅದು ಅರ್ಧ ಮಾತ್ರ. ಮರಳಿ ಬಂದ ಜಮೀನು ಬಂದದ್ದು ಖಾತೆದಾರನಿಗೆ. ಅನೇಕ ಕಡೆ ಆ ಗದ್ದೆಯಲ್ಲಿ ನೇಗಿಲು ಹಿಡಿದವನು ಬೇರೆ: ಗೇಣಿಗೆ ಮಾಡುವ ಹಾಲಕ್ಕಿ ಒಕ್ಕಲಿಗ, ನಾಮಧಾರಿ, ಸ್ವಂತದ್ದು ಸಾಲದ ನಾಡವ. ಮೂಲಗೇಣಿಯವನಿಗೆ ಒಕ್ಕಲುತನ ಕಾಯಂ, ಗೇಣಿಯೂ ನಿಗದಿ. ಚಾಲಗೇಣಿಯವನನ್ನು ಒಡೆಯರು ಮನಸ್ಸು ಬಂದಾಗ ಬಿಡಿಸಬಹುದಿತ್ತು. ಹೆಚ್ಚಿನವರು ಚಾಲಗೇಣಿಯವರೇ. ಮಾತು ಬಾಯಲ್ಲೇ ಆಗುತ್ತಿತ್ತು. ಭತ್ತ ಅಳೆದು ಕೊಟ್ಟರೂ ರಸೀದಿ ಇಲ್ಲ.

ಈ ಗಂಟಿಗೆ ಕೈ ಹಾಕಿದವರು ದಿನಕರ ದೇಸಾಯಿ. 1909ರಲ್ಲಿ ಹುಟ್ಟಿದ ಅವರನ್ನು ಕನ್ನಡಿಗರು ಚುಟುಕದಿಂದ ಬಲ್ಲರು. ಕರಾವಳಿಯ ಒಕ್ಕಲುಗಳಿಗೆ, ಅಂದರೆ ಗೇಣಿದಾರರಿಗೆ, ಅವರು ರೈತಕೂಟದ ದೇಸಾಯರು. ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ ಕಾರ್ಮಿಕ ಸಂಘಟನೆಯಲ್ಲಿ ಪಳಗಿದವರು ಆ ಪಟ್ಟನ್ನು ಊರಿಗೆ ತಂದರು. ಗೇಣಿ ಇಳಿಸಿ, ರಸೀದಿ ಕೊಡಿ, ಬಿಟ್ಟಿ ಬೇಡ ಎಂದು ಒಕ್ಕಲುಗಳು ಒಟ್ಟಾಗಿ ಕೇಳತೊಡಗಿದಾಗ 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಐದು ವರ್ಷ ಅವರು ಒಳಗೆ ಕಾಲಿಡುವಂತಿರಲಿಲ್ಲ.

1948ರ ಮುಂಬಯಿ ಗೇಣಿ ಕಾಯ್ದೆ ನೀರಾವರಿ ಜಮೀನಿಗೆ ಬೆಳೆಯ ನಾಲ್ಕನೇ ಒಂದು, ಉಳಿದದ್ದಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಗೇಣಿ ಕೂಡದೆಂದಿತು. ರಸೀದಿಯನ್ನೂ ಕಡ್ಡಾಯ ಮಾಡಿತು. ಓದು ಬಾರದವನ ಕೈಯಲ್ಲಿ ಈ ಕಾಯ್ದೆ ಏನು ಮಾಡೀತು? 1953ರಲ್ಲಿ ದೇಸಾಯರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯುದ್ದಕ್ಕೂ ಹೈಸ್ಕೂಲು ತೆರೆದದ್ದನ್ನು, 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ತಂದದ್ದನ್ನು ಈ ಹೋರಾಟದಿಂದ ಬೇರೆ ಮಾಡಿ ನೋಡಬಾರದು. 1967ರಲ್ಲಿ ಅವರು ಇಲ್ಲಿಂದ ಲೋಕಸಭೆಗೆ ಗೆದ್ದರು.

ಪೂರ್ತಿ ಬದಲಾವಣೆ ಬಂದದ್ದು 1974ರ ಮಾರ್ಚ್ 1ರಿಂದ. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿಯಂತೆ ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿತು. ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯಿಂದ ತನ್ನ ಹೆಸರಿಗೆ ಪಡೆಯಬೇಕಿತ್ತು. ಮೊದಲಿಗೆ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ, ಗೇಣಿದಾರನೇ ನಿಂತು ಹೇಳಬೇಕು. ಅರ್ಜಿಯ ಗಡುವು ವಿಸ್ತರಣೆಯಾಗುತ್ತ 1979ರ ಜೂನ್ 30ರವರೆಗೆ ಬಂತು.

ಸೋತವರು ಸೋತದ್ದು ಸಣ್ಣ ಸಣ್ಣ ಕಾರಣಕ್ಕೆ. ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಒಡೆಯರ ಹೆಸರೇ ಉಳಿದಿರುತ್ತಿತ್ತು. ಸರ್ವೆ ನಂಬರು ಸರಿಯಿದ್ದು ಅದರೊಳಗಿನ ಹಿಸ್ಸಾ (ಪಾಲಿನ ನಂಬರು) ತಪ್ಪಿರುತ್ತಿತ್ತು. ರಸೀದಿ ಇಲ್ಲದ್ದರಿಂದ ಅಕ್ಕಪಕ್ಕದ ಗದ್ದೆಯವರ ಸಾಕ್ಷಿಯೇ ಗತಿ, ಅವರೂ ಅದೇ ಒಡೆಯರ ಒಕ್ಕಲಾಗಿದ್ದರೆ ಬಾಯಿ ಬಿಡಲು ಅಂಜುತ್ತಿದ್ದರು. ಗೆದ್ದ ಮನೆಗಳಲ್ಲೂ ಹಿರಿಯನೊಬ್ಬನ ಹೆಸರಿಗೆ ಅರ್ಜಿ ಬಿದ್ದು, ಕೂಡಿ ದುಡಿದ ತಮ್ಮಂದಿರ ಪಾಲಿನ ತಕರಾರು ಮೊಮ್ಮಕ್ಕಳವರೆಗೆ ಬಂದಿದೆ.

ಅಂಥ ಮನೆಯವರು ಈಗ ಕಾಗದ ಹುಡುಕುವುದಾದರೆ ಊರಿನ ಹೆಸರು, ಹಳೆಯ ಸರ್ವೆ ನಂಬರು ಹಿಡಿದು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮಂಡಳಿಯ ಕಡತದ ನಕಲು ಕೇಳಬೇಕು. ಆದೇಶವೊಂದನ್ನೇ ತಂದರೆ ಸಾಲದು, ಮೂಲ ಅರ್ಜಿ ಮತ್ತು ಹೇಳಿಕೆಗಳ ನಕಲೂ ಬೇಕು. ಅಜ್ಜ ಜಮೀನು ಕೇಳಿದ್ದು ತನ್ನೊಬ್ಬನಿಗೋ ಇಡೀ ಕುಟುಂಬಕ್ಕೋ ಎಂಬುದು ಗೊತ್ತಾಗುವುದು ಆ ಹೇಳಿಕೆಯಲ್ಲೇ.