ಹೃದಯದ ಕೋಶಗಳಿಗೆ ದಾರಿ ತೋರುವ ಟಾಡ್ಲರ್

ಜೀಬ್ರಾ ಮೀನಿನ ಮೊಟ್ಟೆ ಗಾಜಿನ ಹಾಗೆ ತಿಳಿ. ತಾಯಿ ಅದನ್ನು ನೀರಿಗೆ ಬಿಡುತ್ತದೆ. ಒಳಗೆ ಮರಿ ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕೂತು ನೋಡಬಹುದು. ಇವತ್ತು ಬೆಳಿಗ್ಗೆ ಒಂದೇ ಕೋಶ. ನಾಳೆ ಬೆಳಿಗ್ಗೆ ಹೊತ್ತಿಗೆ ಕಣ್ಣು, ಬಾಲ, ಆಗಷ್ಟೇ ಮಿಡಿಯತೊಡಗಿದ ಹೃದಯ!

ಈ ಹೃದಯ ಮಾಡುವ ಕೋಶಗಳು ಮೊದಲಿಂದಲೂ ಅಲ್ಲೇ ಇರುವುದಿಲ್ಲ. ಸುಮಾರು ಆರು ಗಂಟೆಯ ಭ್ರೂಣವೆಂದರೆ ಹಳದಿಯ ಉಂಡೆಯ ಮೇಲೆ ಕವಿಚಿಟ್ಟ ಟೋಪಿ. ಹೃದಯವಾಗಬೇಕಾದ ಕೋಶಗಳು ಆ ಟೋಪಿಯ ಅಂಚಿನಲ್ಲಿರುತ್ತವೆ. ಅವು ಅಂಚಿನಿಂದ ಒಳಕ್ಕೆ ನುಸುಳಿ, ಮೇಲ್ಮುಖವಾಗಿ ನಡೆದು ಹೋಗಬೇಕು. ನಡೆಯಿರಿ ಎಂದು ಅವಕ್ಕೆ ಹೇಳುವವರು ಯಾರು?

2013ರ ಕೊನೆಗೆ ಮತ್ತು 2014ರ ಮೊದಲಿಗೆ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ಜೀನನ್ನು ಹಿಡಿದವು. ಹಾರ್ವರ್ಡ್‌ನ ಆಂಡ್ರಿಯಾ ಪೌಲಿ, ಅಲೆಕ್ಸಾಂಡರ್ ಶಿಯರ್ ಮತ್ತು ಸಂಗಡಿಗರು ಅದನ್ನು ಟಾಡ್ಲರ್ ಎಂದು ಕರೆದರು. ಸಿಂಗಪುರದ ಬ್ರೂನೊ ರಿವರ್ಸೇಡ್ ತಂಡ ಎಲಾಬೆಲಾ ಎಂದಿತು. ಟಾಡ್ಲರ್ ಅಂದರೆ ಆಗತಾನೆ ನಡೆಯಲು ಕಲಿತ ಮಗು. ಎಷ್ಟು ಒಪ್ಪುವ ಹೆಸರು, ಅಲ್ವಾ? ಅಲ್ಲಿಯವರೆಗೆ ಈ ಜೀನಿನಿಂದ ಪ್ರೋಟೀನೇ ತಯಾರಾಗುವುದಿಲ್ಲ ಎಂದು ಪಟ್ಟಿಗಳಲ್ಲಿ ಬರೆದಿತ್ತು. ಕಾರಣ ಆ ಪ್ರೋಟೀನಿನ ಗಾತ್ರ. ಜೀಬ್ರಾ ಮೀನಿನಲ್ಲಿ ಅದರ ಮೂಲರೂಪಕ್ಕೆ ಬರೀ 58 ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಸರದಲ್ಲಿ ಪೋಣಿಸಿದ ಮಣಿಗಳು. ನೂರಕ್ಕಿಂತ ಚಿಕ್ಕದನ್ನು ಹುಡುಕಾಟದಲ್ಲಿ ಕೈಬಿಡುವುದೇ ಆಗಿನ ರೂಢಿ.

ಆ ಜೀನು ಕೆಟ್ಟರೆ ಏನಾಗುತ್ತದೆ? ಅನೇಕ ಮರಿಗಳಿಗೆ ಹೃದಯವೇ ಮೂಡುವುದಿಲ್ಲ, ಮೂಡಿದರೂ ಚೂರೇ ಚೂರು. ಮರಿ ತೀರಾ ಪುಟ್ಟದು, ಚರ್ಮದಿಂದಲೇ ಆಮ್ಲಜನಕ ಒಳಗೆ ಇಳಿಯುತ್ತದೆ. ಹಾಗಾಗಿ ಕೆಲವು ದಿನ ಜೀವ ಹಿಡಿದಿರುತ್ತದೆ.

ನನ್ನನ್ನು ಬಹಳ ಕಾಡಿದ್ದು ಇನ್ನೊಂದು ಸಂಗತಿ. ಟಾಡ್ಲರ್ ಪ್ರೋಟೀನ್ ಜಾಸ್ತಿಯಾದರೂ ಕೋಶಗಳ ನಡಿಗೆ ಕುಂಟುತ್ತದೆ. ಆದರೆ ಜೀನು ಕೆಟ್ಟ ಭ್ರೂಣದ ತುಂಬೆಲ್ಲ ಅದನ್ನು ಹದವಾಗಿ ಒದಗಿಸಿದರೆ ಹೃದಯ ಬೆಳೆಯುತ್ತದೆ. ಎಲ್ಲ ಕಡೆ ಒಂದೇ ಸಮ ಇರುವ ಸಂಕೇತ ದಿಕ್ಕು ತೋರಿಸುವುದಾದರೂ ಹೇಗೆ?

2022ರಲ್ಲಿ, ಆಗ ವಿಯೆನ್ನಾದಲ್ಲಿದ್ದ ಪೌಲಿ ಅವರ ತಂಡ ಇದಕ್ಕೆ ಉತ್ತರ ಕೊಟ್ಟಿತು. ಗುಟ್ಟು ಕೋಶಗಳಲ್ಲೇ ಇದೆ. ಅವುಗಳ ಮೈಮೇಲೆ ಅಪೆಲಿನ್ ಗ್ರಾಹಕ ಎಂಬ ಪ್ರೋಟೀನ್ ಇದೆ. ಅದು ಟಾಡ್ಲರನ್ನು ಗುರುತಿಸುತ್ತದೆ, ಜೊತೆಗೆ ಸುತ್ತಲಿನ ಟಾಡ್ಲರನ್ನು ಹೀರಿ ಖಾಲಿಯೂ ಮಾಡುತ್ತದೆ. ಗೋಮಾಳಕ್ಕೆ ಬಿಟ್ಟ ದನಗಳನ್ನು ನೆನಪಿಸಿಕೊಳ್ಳಿ. ಮೇಯ್ದಲ್ಲಿ ಹುಲ್ಲು ಮುಗಿಯುತ್ತದೆ, ಮುಂದೆ ಹಸಿರಿದೆ. ಯಾರೂ ಹೊಡೆದುಕೊಂಡು ಹೋಗಬೇಕಿಲ್ಲ, ಮಂದೆ ತಾನೇ ಮುಂದೆ ಸರಿಯುತ್ತದೆ. ಕೋಶಗಳು ಕೂಡ ಹಿಂದೆ ಬರಿದು ಮಾಡುತ್ತಾ, ಟಾಡ್ಲರ್ ಇನ್ನೂ ಉಳಿದಿರುವ ಕಡೆಗೆ ಸಾಗುತ್ತವೆ. ದಾರಿಯನ್ನು ತಾವೇ ಮಾಡಿಕೊಳ್ಳುತ್ತವೆ.

ಇದೇ ಜೀನು ನಮ್ಮಲ್ಲೂ ಇದೆ. ಮನುಷ್ಯರ ಗರ್ಭದ ಮಾಸು ಈ ಪ್ರೋಟೀನನ್ನು ತಯಾರಿಸುತ್ತದೆ. 2017ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ಇದು ಇಲ್ಲದ ಬಸುರಿ ಇಲಿಗಳಿಗೆ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿತು. ಹೊರಗಿನಿಂದ ಎಲಾಬೆಲಾ ಕೊಟ್ಟಾಗ ಎರಡೂ ಹತೋಟಿಗೆ ಬಂದವು.