ವೈರಸ್ಸಿನ ಚೂರು ಓದುವ ಕೋಶ

ಕೋವಿಡ್ ಕಾಲದಲ್ಲಿ ಆಂಟಿಬಾಡಿ ರಿಪೋರ್ಟ್ ಹಿಡಿದು ಕಂಗಾಲಾದವರು ಒಬ್ಬಿಬ್ಬರಲ್ಲ. ‘ಆಂಟಿಬಾಡಿ ಇಳಿದುಹೋಯ್ತು, ಇನ್ನು ಗತಿಯೇನು?’ ಅಂತ. ಆ ರಿಪೋರ್ಟಿನಲ್ಲಿ ಟಿ ಕೋಶಗಳ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ, ಲೆಕ್ಕವೇ ಇರುವುದಿಲ್ಲ. ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ ಅನ್ನುವುದೇ ನನ್ನ ಸಿಟ್ಟು.

ಆಂಟಿಬಾಡಿ ಹಿಡಿಯುವುದು ಕೋಶದ ಹೊರಗೆ ಓಡಾಡುವ ವೈರಸ್ಸನ್ನು. ವೈರಸ್ಸು ಕೋಶದ ಒಳಹೊಕ್ಕು ಕದ ಹಾಕಿಕೊಂಡರೆ? ಇಲ್ಲೇ ಇರುವುದು ಸೊಗಸು. ನಮ್ಮ ಕೋಶಗಳೊಳಗೆ ಪ್ರೋಟಿಯಸೋಮ್ ಎಂಬ ಕತ್ತರಿಸುವ ಯಂತ್ರವಿದೆ. ಬೇಡದ ಪ್ರೋಟೀನುಗಳನ್ನು ಚೂರು ಮಾಡುವುದು ಅದರ ಕೆಲಸ. ಕೊರೊನಾ ತನ್ನ ಪ್ರೋಟೀನು ಮಾಡಿಸಲು ಶುರು ಮಾಡಿದರೆ ಅವೂ ಒಂದಿಷ್ಟು ಇದರ ಬಾಯಿಗೆ ಬೀಳುತ್ತವೆ. ಪ್ರೋಟೀನೆಂಬ ಸರದ ಮಣಿಗಳೇ ಅಮೈನೋ ಆಮ್ಲಗಳು; 8ರಿಂದ 10 ಅಮೈನೋ ಆಮ್ಲ ಉದ್ದದ ಚೂರುಗಳನ್ನು ಎಂಎಚ್‌ಸಿ ಎಂಬ ತಟ್ಟೆಯಲ್ಲಿಟ್ಟು ಕೋಶ ಹೊರಮೈಗೆ ತಂದು ತೋರಿಸುತ್ತದೆ. ಬಾಗಿಲಾಚೆ ಇಟ್ಟ ಕಸದ ಬುಟ್ಟಿ ನೋಡಿದರೆ ಒಳಗೇನು ನಡೆದಿದೆ ಅಂತ ಗೊತ್ತಾಗುತ್ತೆ ಅಲ್ವಾ, ಹಾಗೆ. ಅಥವಾ ಹರಿದ ಕಾಗದದ ಅರ್ಧ ಸಾಲು ಓದಿ, ಬರೆದವರ್‍ಯಾರು ಅಂತ ಹೇಳಿದ ಹಾಗೆ. ಸಾಲು ಪರಕೀಯ ಅನ್ನಿಸಿತೋ, ಸಿಡಿ8 ಎಂಬ ಬಗೆಯ ಟಿ ಕೋಶ ಬಂದು ಅಂಟಿಕೊಳ್ಳುತ್ತದೆ. ಪರ್ಫೋರಿನ್ ಎಂಬ ಪ್ರೋಟೀನಿನಿಂದ ತೂತು ಕೊರೆದು, ಕೋಶವನ್ನು ಸಾಯಿಸುವ ಗ್ರಾಂಜೈಮ್ ಎಂಬ ಕಿಣ್ವವನ್ನು ಒಳಗೆ ಬಿಡುತ್ತದೆ. ಸೋಂಕಿತ ಕೋಶ ಸಾಯುತ್ತದೆ, ವೈರಸ್ಸಿನ ಕಾರ್ಖಾನೆ ಮುಚ್ಚುತ್ತದೆ.

ಅಂದಹಾಗೆ, ‘ಟಿ’ ಬಂದದ್ದು ಎದೆಯಲ್ಲಿರುವ ಥೈಮಸ್ ಗ್ರಂಥಿಯಿಂದ. ಅದನ್ನು ಬಹುಕಾಲ ಕೆಲಸಕ್ಕೆ ಬಾರದ್ದು ಅಂದುಕೊಂಡಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಲಂಡನ್ನಿನಲ್ಲಿ ಆಗತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಬೇರೆ ತಳಿಯ ಇಲಿಯ ಚರ್ಮ ಅಂಟಿಸಿದರೂ ಅವುಗಳ ಮೈ ತಕರಾರಿಲ್ಲದೆ ಇಟ್ಟುಕೊಂಡಿತು! ಪರಕೀಯವನ್ನು ಗುರುತಿಸುವ ಟಿ ಕೋಶಗಳ ಕೊರತೆಯೇ ಇದಕ್ಕೆ ಕಾರಣ.

2021ರ ಕೊನೆಗೆ ಬಂದ ಓಮಿಕ್ರಾನ್ ತನ್ನ ಮೈಮೇಲಿನ ಮುಳ್ಳಿನ (ಸ್ಪೈಕ್) ಪ್ರೋಟೀನಿನಲ್ಲಿ 30ಕ್ಕೂ ಜಾಸ್ತಿ ಕಡೆ ಬದಲಾಗಿತ್ತು. ಹಳೆಯ ಆಂಟಿಬಾಡಿಗಳು ಬಹಳಷ್ಟು ಜಾರಿದವು. ಆದರೆ ಆ ಮುಳ್ಳು 1,273 ಅಮೈನೋ ಆಮ್ಲಗಳ ಸರ. ಟಿ ಕೋಶಗಳು ಓದುವ ಚೂರುಗಳಲ್ಲಿ ಹೆಚ್ಚಿನವು ಹಾಗೇ ಉಳಿದಿದ್ದವು.

ಹಾಗಂತ ಟಿ ಕೋಶ ಸೋಂಕನ್ನೇ ತಡೆಯುತ್ತದೆ ಅಂದುಕೊಳ್ಳಬೇಡಿ. ಕೋಶವೊಂದು ಕೆಟ್ಟಮೇಲೆ ತಾನೇ ಅದಕ್ಕೆ ಸುದ್ದಿ? ಮೂಗು ಸೋರಬಹುದು, ಜ್ವರ ಬರಬಹುದು. ಕಾಯಿಲೆ ಉಲ್ಬಣಿಸದಂತೆ ನೋಡಿಕೊಳ್ಳುವುದರಲ್ಲಿ ಅದರ ಪಾಲು ದೊಡ್ಡದು. ಇನ್ನು ‘ಇಮ್ಯುನಿಟಿ ಹೆಚ್ಚಿಸುವ’ ಪುಡಿಗಳ ವಿಷಯ. ಯಾವ ಪುಡಿಯೂ ಟಿ ಕೋಶಕ್ಕೆ ಕೊರೊನಾದ ಚೂರು ಓದಲು ಕಲಿಸದು. ಕಲಿಸುವುದು ಸೋಂಕು, ಇಲ್ಲವೇ ಲಸಿಕೆ. ಕಲಿತದ್ದು ಸುಮ್ನೆ ಮರೆತೂ ಹೋಗುವುದಿಲ್ಲ: 2003ರಲ್ಲಿ ಕೋವಿಡ್ ವೈರಸ್ಸಿನ ಹತ್ತಿರದ ನೆಂಟ ತಂದ ಸಾರ್ಸ್ ಕಾಯಿಲೆ ಬಂದು ವಾಸಿಯಾದವರ ರಕ್ತದಲ್ಲಿ, 17 ವರ್ಷಗಳ ಮೇಲೂ ಆ ವೈರಸ್ಸನ್ನು ಗುರುತಿಸುವ ಟಿ ಕೋಶಗಳಿದ್ದವು.