ಸೋಪಾ ಮಸೂದೆ, ಸಣ್ಣ ಗೇಮ್ ಡೆವಲಪರ್ ಮತ್ತು ನಡುವೆ ನಿಂತವರು

ಇಂಟರ್ನೆಟ್ ಕಾನೂನು ಕೈಗೆ ಸಿಕ್ಕರೆ ನಾವೆಲ್ಲ ಮೊದಲು ಹುಡುಕುವುದು ಶಿಕ್ಷೆಯ ಸೆಕ್ಷನ್. ಎಷ್ಟು ವರ್ಷ ಜೈಲು, ಎಷ್ಟು ದಂಡ ಅಂತ. ಒಬ್ಬರೋ ಇಬ್ಬರೋ ಕೂತು ಗೇಮ್ ಮಾಡುವವರಿಗೆ ಆ ಸೆಕ್ಷನ್ ಅಷ್ಟಾಗಿ ತಟ್ಟುವುದಿಲ್ಲ. ಅವರ ಕಥೆ ಕೋರ್ಟ್ ತಲುಪುವ ಮೊದಲೇ ಮುಗಿದಿರುತ್ತದೆ. ಹಣ ಬರುವ ದಾರಿ ನಿಂತಿರುತ್ತದೆ, ಸ್ಟೋರ್ ಪೇಜ್ ಹೋಗಿರುತ್ತದೆ. ಹಾಗಾಗಿ ಕಾನೂನು ಓದುವಾಗ ಕೇಳಬೇಕಾದ ಪ್ರಶ್ನೆ ಎರಡು. ಯಾವ ಮಧ್ಯವರ್ತಿಯ ಕೈಗೆ ಕತ್ತರಿ ಕೊಟ್ಟಿದ್ದಾರೆ? ಕತ್ತರಿಸುವ ಮೊದಲು ಡೆವಲಪರ್ ಮಾತನ್ನು ಯಾರಾದರೂ ಕೇಳುತ್ತಾರಾ?

ಇದನ್ನು ಕಲಿಯಲು ಅಮೆರಿಕದ ಸೋಪಾ ಒಳ್ಳೆಯ ಉದಾಹರಣೆ. ಅದು ಕಾನೂನು ಆಗಲೇ ಇಲ್ಲ. ಆದರೂ ಅದರ ರಚನೆ ನೋಡಿಕೊಂಡರೆ ಆಮೇಲೆ ಬಂದ ಎಷ್ಟೋ ವಿಷಯಗಳು ಬೇಗ ಅರ್ಥವಾಗುತ್ತವೆ.

ಮಸೂದೆಗಳ ಪರಿಚಯ

ಎರಡು ಮಸೂದೆಗಳಿದ್ದವು. ಪಿಪಾ, ಅಂದರೆ ಪ್ರೊಟೆಕ್ಟ್ ಐಪಿ ಆಕ್ಟ್, 2011ರ ಮೇ ತಿಂಗಳಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ಬಂತು, ತಂದವರು ವರ್ಮಾಂಟ್‌ನ ಪ್ಯಾಟ್ರಿಕ್ ಲೇಹಿ. ಸೋಪಾ, ಅಂದರೆ ಸ್ಟಾಪ್ ಆನ್‌ಲೈನ್ ಪೈರಸಿ ಆಕ್ಟ್, ಅದೇ ವರ್ಷ ಅಕ್ಟೋಬರ್ 26ರಂದು ಕೆಳಮನೆಗೆ ಬಂತು. ತಂದವರು ಟೆಕ್ಸಾಸ್‌ನ ಲಾಮಾರ್ ಸ್ಮಿತ್. ಒಬ್ಬರು ಡೆಮಾಕ್ರಟ್, ಇನ್ನೊಬ್ಬರು ರಿಪಬ್ಲಿಕನ್. ಹಾಗಾಗಿ ಇದನ್ನು ಪಕ್ಷದ ಜಗಳ ಅಂದುಕೊಂಡು ಓದಬೇಡಿ.

ಉದ್ದೇಶ ಸರಳವಾಗಿತ್ತು. ಹೊರದೇಶದಲ್ಲಿ ಕೂತು ಸಿನಿಮಾ, ಹಾಡು, ಗೇಮ್ ಕದ್ದು ಹಂಚುವ ಸೈಟುಗಳಿವೆ. ಅವುಗಳ ಮಾಲೀಕರನ್ನು ಅಮೆರಿಕದ ಕೋರ್ಟಿಗೆ ಎಳೆದು ತರುವುದು ಕಷ್ಟ. ಆದರೆ ಆ ಸೈಟಿಗೆ ಹೋಗುವ ದಾರಿ, ಆ ಸೈಟಿಗೆ ಬರುವ ದುಡ್ಡು, ಇವೆರಡೂ ಅಮೆರಿಕದ ಕಂಪನಿಗಳ ಮೂಲಕವೇ ಸಾಗುತ್ತವೆ. ಹಾಗಾದರೆ ಅವರನ್ನೇ ಹಿಡಿಯೋಣ ಅನ್ನುವುದು ಲೆಕ್ಕ. ಪೈರಸಿಯಿಂದ ಸಣ್ಣ ಡೆವಲಪರ್‌ಗೂ ನಷ್ಟವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ತಕರಾರು ಇದ್ದದ್ದು ದಾರಿಯ ಬಗ್ಗೆ.

ನಾಲ್ಕು ಮಧ್ಯವರ್ತಿಗಳು

ಸರ್ಕಾರದ ಅಟಾರ್ನಿ ಜನರಲ್ ಕೋರ್ಟ್ ಆದೇಶ ತಂದರೆ ನಾಲ್ಕು ಬಗೆಯವರು ಕೆಲಸಕ್ಕಿಳಿಯಬೇಕಿತ್ತು. ಇಂಟರ್ನೆಟ್ ಸೇವೆ ಕೊಡುವವರು ಆ ಡೊಮೇನ್ ಹೆಸರು ತೆರೆಯದಂತೆ ಮಾಡಬೇಕು. ಸರ್ಚ್ ಎಂಜಿನ್‌ಗಳು ಲಿಂಕ್ ತೆಗೆಯಬೇಕು. ಪೇಮೆಂಟ್ ಕಂಪನಿಗಳು ಹಣ ನಿಲ್ಲಿಸಬೇಕು. ಜಾಹೀರಾತು ಜಾಲಗಳು ಜಾಹೀರಾತು ನಿಲ್ಲಿಸಬೇಕು.

ಮೊದಲನೆಯದಕ್ಕೆ ಎಂಜಿನಿಯರ್‌ಗಳೇ ಎದ್ದು ನಿಂತರು. ಸ್ಟೀವ್ ಕ್ರಾಕರ್, ಪಾಲ್ ವಿಕ್ಸಿ, ಡ್ಯಾನ್ ಕಮಿನ್‌ಸ್ಕಿ ಮೊದಲಾದವರು 2011ರ ಮೇ ತಿಂಗಳಲ್ಲೇ ಪಿಪಾ ಕುರಿತು ಒಂದು ವರದಿ ಬರೆದಿದ್ದರು. ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹೇಳುವ ಡಿಎನ್‌ಎಸ್ ವ್ಯವಸ್ಥೆಯ ಉತ್ತರವನ್ನು ಯಾರೂ ನಡುವೆ ತಿದ್ದಬಾರದು ಅಂತಲೇ ಡಿಎನ್‌ಎಸ್‌ಸೆಕ್ ಎಂಬ ಭದ್ರತಾ ವ್ಯವಸ್ಥೆ ತರುತ್ತಿದ್ದೇವೆ, ಈ ಮಸೂದೆ ನಡುವೆ ತಿದ್ದಿ ಅನ್ನುತ್ತಿದೆ. ಇದು ಅವರ ವಾದದ ತಿರುಳು.

ನಮ್ಮ ವಿಷಯಕ್ಕೆ ಜಾಸ್ತಿ ಮುಖ್ಯವಾದದ್ದು ಮೂರನೆಯದು, ಹಣ. ಸೋಪಾದ ಮೂಲ ಕರಡಿನ ಸೆಕ್ಷನ್ 103 ನಿಧಾನವಾಗಿ ಓದಿ. ಹಕ್ಕುಸ್ವಾಮ್ಯ ಇದ್ದವರು ಕೋರ್ಟಿಗೆ ಹೋಗದೆಯೇ ಪೇಮೆಂಟ್ ಕಂಪನಿಗೆ ಮತ್ತು ಜಾಹೀರಾತು ಜಾಲಕ್ಕೆ ನೋಟಿಸ್ ಕಳಿಸಬಹುದಿತ್ತು. ಸಿಕ್ಕ 5 ದಿನದೊಳಗೆ ಅವರು ಆ ಸೈಟಿನ ವ್ಯವಹಾರ ನಿಲ್ಲಿಸಬೇಕು. ಸೈಟಿನ ಮಾಲೀಕರು ಮರುನೋಟಿಸ್ ಕೊಡಬಹುದು. ಆದರೆ ಹೊರದೇಶದವರಾದರೆ ಅದರ ಜೊತೆಗೆ ಅಮೆರಿಕದ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆಯನ್ನೂ ಬರೆದು ಕೊಡಬೇಕು. ಬೆಂಗಳೂರಿನ ಒಂದು ಮನೆಯಲ್ಲಿ ಕೂತು ಗೇಮ್ ಮಾಡಿ ತನ್ನದೇ ಸೈಟಿನಲ್ಲಿ ಮಾರುವವರು ಆ ಕಾಗದಕ್ಕೆ ಸಹಿ ಹಾಕುತ್ತಾರಾ? ವಕೀಲರನ್ನು ಕೇಳಲೇಬೇಕು. ಅಷ್ಟರಲ್ಲಿ 5 ದಿನ ಕಳೆದಿರುತ್ತದೆ. 2011ರ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ ಈ ನೋಟಿಸ್ ಪದ್ಧತಿಯನ್ನು ತೆಗೆದು ಕೋರ್ಟ್ ದಾರಿ ಮಾತ್ರ ಉಳಿಸಿತು. ಒತ್ತಡ ಎಷ್ಟಿತ್ತು ಅನ್ನುವುದಕ್ಕೆ ಆ ತಿದ್ದುಪಡಿಯೇ ಸಾಕ್ಷಿ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಂಶವಿದೆ. ಪೇಮೆಂಟ್ ಕಂಪನಿ ತಾನಾಗಿಯೇ, ಯಾರ ಆದೇಶವೂ ಇಲ್ಲದೆ ಒಂದು ಸೈಟನ್ನು ಕೈಬಿಟ್ಟರೆ, ನಂಬಲು ಕಾರಣವಿತ್ತು ಅಂತ ತೋರಿಸಿದರೆ ಅದಕ್ಕೆ ಕಾನೂನಿನ ರಕ್ಷಣೆ. ಅಂದರೆ ಕತ್ತರಿಸಿದರೆ ತೊಂದರೆಯಿಲ್ಲ, ಕತ್ತರಿಸದಿದ್ದರೆ ತೊಂದರೆ ಬರಬಹುದು. ದೊಡ್ಡ ಸ್ಟುಡಿಯೋ ಆದರೆ ಕಂಪನಿ ಫೋನ್ ಮಾಡಿ ವಿಚಾರಿಸುತ್ತದೆ, ಅಲ್ಲಿ ದೊಡ್ಡ ವ್ಯಾಪಾರವಿದೆ. ತಿಂಗಳಿಗೆ ನೂರು ಕಾಪಿ ಮಾರುವವನಿಗಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ನನ್ನ ಪ್ರಕಾರ ಇಡೀ ಮಸೂದೆಯಲ್ಲಿ ಸಣ್ಣವರಿಗೆ ಅತಿ ಅಪಾಯದ ಸಾಲು ಇದು. ಶಿಕ್ಷೆಯ ಮಾತೇ ಇಲ್ಲದ ಸಾಲು.

ಗೇಮ್ ಸೈಟು ಯಾಕೆ ಸಿಕ್ಕಿಬೀಳುತ್ತದೆ

"ನಾನು ಕದ್ದಿಲ್ಲವಲ್ಲ, ನನಗೇನು?" ಅಂತ ಕೇಳಬಹುದು. ಸೋಪಾದ ವ್ಯಾಖ್ಯೆಯಲ್ಲಿ ಕದಿಯುವವರು ಮಾತ್ರ ಇರಲಿಲ್ಲ. ಕದಿಯುವಿಕೆ ನಡೆಯುತ್ತಿರುವ ಸಾಧ್ಯತೆ ಜಾಸ್ತಿ ಇದ್ದೂ ಅದನ್ನು ಖಚಿತ ಮಾಡಿಕೊಳ್ಳದೆ ಬೇಕೆಂದೇ ತಪ್ಪಿಸಿಕೊಂಡ ಸೈಟೂ ಒಳಗೆ ಬರುತ್ತಿತ್ತು. ಈಗ ಒಂದು ಸಣ್ಣ ಗೇಮ್ ನೆನಪಿಸಿಕೊಳ್ಳಿ. ಆಟಗಾರರು ಮಾಡ್, ಅಂದರೆ ಗೇಮ್‌ಗೆ ತಾವೇ ಮಾಡಿದ ಬದಲಾವಣೆ, ಹಾಕುತ್ತಾರೆ, ಲೆವೆಲ್ ಕಟ್ಟುತ್ತಾರೆ, ಚಾಟ್‌ನಲ್ಲಿ ಲಿಂಕ್ ಹಂಚುತ್ತಾರೆ. ಯಾರೋ ಒಬ್ಬ ಯಾವುದೋ ಸಿನಿಮಾದ ಪಾತ್ರದ ಚಿತ್ರ ತಂದು ಮಾಡ್‌ಗೆ ಅಂಟಿಸುತ್ತಾನೆ. ಎಲ್ಲವನ್ನೂ ಕೂತು ನೋಡಲು ಜನ ಬೇಕು. ಜನ ಇಡಲು ದುಡ್ಡು ಬೇಕು. ದುಡ್ಡಿಲ್ಲದವರು ಮಾಡ್ ಸೌಲಭ್ಯವನ್ನೇ ಮುಚ್ಚುತ್ತಾರೆ. ಅಲ್ಲಿಗೆ ಆಟಗಾರರ ಮಾತಿನ ಜಾಗವೂ ಹೋಯಿತು. ಆನ್‌ಲೈನ್ ಸ್ವಾತಂತ್ರ್ಯ ಅಂತ ನಾವು ದೊಡ್ಡದಾಗಿ ಹೇಳುವುದು ಎಷ್ಟೋ ಸಲ ಹೀಗೆ, ಖರ್ಚಿನ ಲೆಕ್ಕದಲ್ಲೇ ಕಡಿಮೆಯಾಗುತ್ತದೆ.

ಇದೆಲ್ಲ ಕಲ್ಪನೆಯ ಭಯ ಆಗಿರಲಿಲ್ಲ. ಸೋಪಾಗಿಂತ ಮೊದಲೇ ಅಮೆರಿಕ ಸರ್ಕಾರ ಡೊಮೇನ್ ವಶಪಡಿಸಿಕೊಳ್ಳಲು ಶುರು ಮಾಡಿತ್ತು. 2011ರ ಫೆಬ್ರುವರಿಯಲ್ಲಿ ಮೂ ಡಾಟ್ ಕಾಮ್ (mooo.com) ಎಂಬ ಒಂದು ಡೊಮೇನ್ ಹಿಡಿದರು. ಅದರ ಅಡಿಯಲ್ಲಿ ಸುಮಾರು 84,000 ಉಪಡೊಮೇನ್‌ಗಳಿದ್ದವು, ಹೆಚ್ಚಿನವು ಸಾಮಾನ್ಯ ಜನರ, ಸಣ್ಣ ವ್ಯಾಪಾರಿಗಳ ಸೈಟುಗಳು. ಎಲ್ಲದರ ಮೇಲೂ ಮಕ್ಕಳ ಲೈಂಗಿಕ ಚಿತ್ರಗಳ ಆರೋಪದ ಫಲಕ ಬಂತು. ಕೆಲವು ದಿನಗಳಲ್ಲಿ ಸರಿಯಾಯಿತು, ನಿಜ. ಆದರೆ ಒಬ್ಬ ಬಾಡಿಗೆದಾರನ ಜಗಳಕ್ಕೆ ಇಡೀ ಕಟ್ಟಡದ ಕರೆಂಟ್ ತೆಗೆದು, ಪ್ರತಿ ಬಾಗಿಲಿಗೂ ಕಳ್ಳರ ಮನೆ ಅಂತ ಬೋರ್ಡ್ ಹಾಕಿದ ಹಾಗಾಯಿತು. ಇನ್ನೊಂದು ಡಜಾಜ್‌ವನ್ ಎಂಬ ಹಿಪ್‌ಹಾಪ್ ಸಂಗೀತದ ಸೈಟು. 2010ರ ನವೆಂಬರ್‌ನಲ್ಲಿ ವಶಕ್ಕೆ ಹೋಗಿ, ಒಂದೂ ಆರೋಪಪಟ್ಟಿ ಇಲ್ಲದೆ 2011ರ ಡಿಸೆಂಬರ್‌ನಲ್ಲಿ ವಾಪಸ್ ಬಂತು. ಒಂದು ವರ್ಷ ಮುಚ್ಚಿದ ಇಂಡೀ ಗೇಮ್‌ಗೆ, ಅಂದರೆ ದೊಡ್ಡ ಪ್ರಕಾಶಕರಿಲ್ಲದೆ ಸಣ್ಣವರು ಮಾಡಿದ ಗೇಮ್‌ಗೆ, ಆಮೇಲೆ ಆಟಗಾರರು ಉಳಿದಿರುತ್ತಾರಾ?

ಆಡಿ ತೋರಿಸುವವರ ವಿಷಯ

ಇದೇ ಕಾಲದಲ್ಲಿ ಸೆನೆಟರ್ ಏಮಿ ಕ್ಲೋಬುಶಾರ್ ತಂದ ಇನ್ನೊಂದು ಮಸೂದೆ ಇತ್ತು. 180 ದಿನದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಾರಿ ಅನುಮತಿಯಿಲ್ಲದೆ ಸ್ಟ್ರೀಮ್ ಮಾಡಿ, ಅದರ ಬೆಲೆ ಒಂದು ಮಿತಿ ದಾಟಿದರೆ 5 ವರ್ಷದವರೆಗೆ ಜೈಲು ಅಂತ ಅದರಲ್ಲಿತ್ತು. ಸೋಪಾದಲ್ಲೂ ಸ್ಟ್ರೀಮಿಂಗ್ ಬಗ್ಗೆ ಇಂಥದೇ ಒಂದು ಸೆಕ್ಷನ್ ಸೇರಿಸಿದ್ದರು. ತಂದವರ ಕಣ್ಣು ಸಿನಿಮಾ, ಪಂದ್ಯಗಳ ಕಳ್ಳ ಪ್ರಸಾರದ ಮೇಲಿತ್ತು. ಆದರೆ ಗೇಮ್ ಆಡುತ್ತಾ ವಿಡಿಯೋ ಮಾಡುವವರು ಹೆದರಿದರು. ಗೇಮ್ ಕೂಡ ಹಕ್ಕುಸ್ವಾಮ್ಯದ ಕೃತಿಯೇ ತಾನೇ.

ಜಾಹೀರಾತಿಗೆ ದುಡ್ಡಿಲ್ಲದ ಡೆವಲಪರ್‌ಗೆ ಈ ವಿಡಿಯೋಗಳೇ ಜಾಹೀರಾತು. ಮೈನ್‌ಕ್ರಾಫ್ಟ್ ಹೆಸರು ಮನೆಮನೆಗೆ ಹೋದದ್ದರಲ್ಲಿ ಆಟಗಾರರ ವಿಡಿಯೋಗಳ ಪಾಲು ದೊಡ್ಡದು. 2020ರ ಡಿಸೆಂಬರ್‌ನಲ್ಲಿ ಅಮೆರಿಕ ಕೊನೆಗೂ ಸ್ಟ್ರೀಮಿಂಗ್ ಕಾನೂನು ಮಾಡಿತು. ಅದು ಕಳ್ಳ ಪ್ರಸಾರವನ್ನೇ ವ್ಯಾಪಾರ ಮಾಡಿಕೊಂಡ ಸೇವೆಗಳನ್ನು ಮಾತ್ರ ಗುರಿ ಮಾಡಿದೆ. ಸಾಮಾನ್ಯ ಸ್ಟ್ರೀಮರ್ ಅದರಲ್ಲಿ ಬರುವುದಿಲ್ಲ. ಕ್ಲೋಬುಶಾರ್ ಮಸೂದೆ, 2020ರ ಕಾನೂನು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ಕಾನೂನು ಬರೆಯುವುದು ಕಲಿಯುವವರಿಗೆ ಒಳ್ಳೆಯ ಪಾಠ.

ಯಾರು ಯಾವ ಕಡೆ

ಗೇಮ್ ಉದ್ಯಮ ಒಂದೇ ದನಿಯಲ್ಲಿ ವಿರೋಧಿಸಿತು ಅಂತ ಬರೆದರೆ ತಪ್ಪಾಗುತ್ತದೆ. ದೊಡ್ಡ ಪ್ರಕಾಶಕರ ಸಂಘ ಎಂಟರ್‌ಟೈನ್‌ಮೆಂಟ್ ಸಾಫ್ಟ್‌ವೇರ್ ಅಸೋಸಿಯೇಷನ್ ಸೋಪಾ ಪರವಾಗಿತ್ತು. ಇ3 ಎಂಬ ದೊಡ್ಡ ಗೇಮ್ ಮೇಳ ನಡೆಸುತ್ತಿದ್ದದ್ದೂ ಅದೇ ಸಂಘ. ಮಾರ್ಕ್ ಕರ್ನ್ ಅವರ ಗೇಮ್ ಕಂಪನಿ ರೆಡ್ 5 ಸ್ಟುಡಿಯೋಸ್ ಇದನ್ನು ವಿರೋಧಿಸಿ ಇ3ಗೆ ಬಹಿಷ್ಕಾರ ಹಾಕಿತು. 2012ರ ಜನವರಿ 18ರಂದು ಮಸೂದೆಗಳನ್ನು ಪ್ರತಿಭಟಿಸಿ ಇಂಗ್ಲಿಷ್ ವಿಕಿಪೀಡಿಯ 24 ಗಂಟೆ ಕಪ್ಪಾಯಿತು, ರೆಡ್ಡಿಟ್ 12 ಗಂಟೆ. ಸ್ವೀಡನ್‌ನ ಮೊಜಾಂಗ್ ಕೂಡ ಮೈನ್‌ಕ್ರಾಫ್ಟ್ ಸೈಟನ್ನು ಮುಚ್ಚಿ ಜೊತೆ ನಿಂತಿತು. ಗೂಗಲ್‌ನ ಮನವಿಗೆ 70 ಲಕ್ಷ ಸಹಿ ಬಿದ್ದವು. ಎರಡು ದಿನ ಕಳೆದು, ಜನವರಿ 20ರಂದು, ಸೆನೆಟ್ ನಾಯಕ ಹ್ಯಾರಿ ರೀಡ್ ಪಿಪಾ ಮೇಲಿನ ಮತದಾನ ಮುಂದೂಡಿದರು. ಲಾಮಾರ್ ಸ್ಮಿತ್ ತಮ್ಮ ಮಸೂದೆಯನ್ನು ಬದಿಗಿಟ್ಟರು. ಅದೇ ದಿನ ದೊಡ್ಡ ಪ್ರಕಾಶಕರ ಆ ಸಂಘವೂ ಬೆಂಬಲ ಹಿಂತೆಗೆದುಕೊಂಡಿತು. ಗಾಳಿ ತಿರುಗಿದ ಮೇಲೆ ಛತ್ರಿ ತಿರುಗಿಸುವುದು ಸುಲಭ ಅಲ್ವಾ!

ಸಂತ್ರಸ್ತ ಮತ್ತು ದೂರುದಾರ, ಎರಡೂ ಒಬ್ಬರೇ

ಸೋಪಾ ಸತ್ತರೂ 1998ರ ಡಿಎಂಸಿಎ ಎಂಬ ಅಮೆರಿಕದ ಹಕ್ಕುಸ್ವಾಮ್ಯ ಕಾನೂನು ಇದೆ. ದೂರು ಬಂದರೆ ಸೈಟಿನವರು ವಸ್ತುವನ್ನು ಇಳಿಸುತ್ತಾರೆ. ಇಳಿಸಿದರೆ ಅವರಿಗೆ ಹೊಣೆಯಿಲ್ಲ. ಡೆವಲಪರ್ ಮರುನೋಟಿಸ್ ಕೊಟ್ಟರೆ, ದೂರು ಕೊಟ್ಟವರು ಮೊಕದ್ದಮೆ ಹೂಡದಿದ್ದರೆ, 10ರಿಂದ 14 ಕೆಲಸದ ದಿನಗಳಲ್ಲಿ ವಾಪಸ್ ಹಾಕಬೇಕು. ಇದರಲ್ಲಿ ಉತ್ತರ ಕೊಡುವ ದಾರಿ ಇದೆ, ಹಾಗಾಗಿ ಸೋಪಾಗಿಂತ ವಾಸಿ. ಆದರೆ ಗೇಮ್ ಬಿಡುಗಡೆಯಾದ ವಾರವೇ ಸುಳ್ಳು ದೂರು ಬಿದ್ದರೆ? ಎರಡು ವಾರ ಬಿಟ್ಟು ವಾಪಸ್ ಬಂದ ಪೇಜ್ ನೋಡಲು ಯಾರೂ ಕಾಯುತ್ತಿರುವುದಿಲ್ಲ.

ಇಲ್ಲಿ ಇಂಡೀ ಡೆವಲಪರ್‌ಗಳನ್ನು ಸುಮ್ನೆ ಪಾಪದವರು ಅಂತ ನೋಡಬೇಡಿ. 2013ರ ಅಕ್ಟೋಬರ್‌ನಲ್ಲಿ ವೈಲ್ಡ್ ಗೇಮ್ಸ್ ಸ್ಟುಡಿಯೋ ಎಂಬ ಸಣ್ಣ ಕಂಪನಿ, ತನ್ನ ಗೇಮ್ ಚೆನ್ನಾಗಿಲ್ಲ ಅಂದ ಟೋಟಲ್‌ಬಿಸ್ಕೆಟ್ ಎಂಬ ಗೇಮ್ ವಿಮರ್ಶಕರ ವಿಡಿಯೋವನ್ನು ಯೂಟ್ಯೂಬ್‌ನಿಂದ ಹಕ್ಕುಸ್ವಾಮ್ಯದ ಹೆಸರಲ್ಲಿ ಇಳಿಸಿತು. ಗದ್ದಲ ಎದ್ದ ಮೇಲೆ ದೂರು ವಾಪಸ್ ಪಡೆಯಿತು. 2017ರಲ್ಲಿ ಕ್ಯಾಂಪೊ ಸ್ಯಾಂಟೊ ಎಂಬ ಇಂಡೀ ಸ್ಟುಡಿಯೋ, ಗೇಮ್ ಆಡಿ ತೋರಿಸುವ ಯೂಟ್ಯೂಬರ್ ಪ್ಯೂಡಿಪೈ ವಿರುದ್ಧ ಡಿಎಂಸಿಎ ಬಳಸಿತು. ಕಾರಣ ಕಳ್ಳತನ ಅಲ್ಲ, ಇನ್ನೊಂದು ಲೈವ್ ಸ್ಟ್ರೀಮ್‌ನಲ್ಲಿ ಆತ ಆಡಿದ ಜನಾಂಗೀಯ ಬೈಗುಳ. ಆ ಬೈಗುಳಕ್ಕೆ ಸಿಟ್ಟು ಬರುವುದು ಸರಿಯೇ. ಆದರೆ ಅದಕ್ಕೆ ಹಕ್ಕುಸ್ವಾಮ್ಯದ ಕಾನೂನು ಉಪಕರಣವಾದದ್ದು ನನಗೆ ಒಪ್ಪಿಗೆಯಿಲ್ಲ. ನೀವು ಬೇರೆ ಹೇಳಬಹುದು, ಚರ್ಚೆಗೆ ಒಳ್ಳೆಯ ವಿಷಯ.

ಕಾನೂನೇ ಇಲ್ಲದೆ ಕತ್ತರಿ ಆಡಿದಾಗ

2025ರ ಜುಲೈಗೆ ಬನ್ನಿ. ಇಂಡೀ ಡೆವಲಪರ್‌ಗಳು ಗೇಮ್ ಮಾರುವ ಮೆಚ್ಚಿನ ಜಾಗ ಇಚ್ ಡಾಟ್ ಐಒ ತನ್ನ ವಯಸ್ಕರ ಗೇಮ್‌ಗಳೆಲ್ಲವನ್ನೂ ಹುಡುಕಾಟದಿಂದ ತೆಗೆದುಹಾಕಿತು. ಆಸ್ಟ್ರೇಲಿಯದ ಕಲೆಕ್ಟಿವ್ ಶೌಟ್ ಎಂಬ ಗುಂಪು ಲೈಂಗಿಕ ಹಿಂಸೆಯ ಗೇಮ್‌ಗಳ ವಿರುದ್ಧ ಪೇಮೆಂಟ್ ಕಂಪನಿಗಳಿಗೆ ದೂರಿತ್ತು. ಆ ಕಂಪನಿಗಳು ಸೈಟಿನ ಮೇಲೆ ಒತ್ತಡ ಹಾಕಿದವು. ಸ್ಟೀಮ್ ಎಂಬ ದೊಡ್ಡ ಗೇಮ್ ಅಂಗಡಿ ಕೂಡ ಪೇಮೆಂಟ್ ಸಂಸ್ಥೆ, ಕಾರ್ಡ್ ಜಾಲ, ಬ್ಯಾಂಕುಗಳ ನಿಯಮ ಮೀರುವ ಗೇಮ್ ಬೇಡ ಅಂತ ಹೊಸ ನಿಯಮ ಬರೆಯಿತು. ಹಿಂಸೆಗೆ ಸಂಬಂಧವೇ ಇಲ್ಲದ, ಕಾನೂನುಬದ್ಧ ಗೇಮ್‌ಗಳೂ ಆ ರಾಶಿಯಲ್ಲಿ ಹೋದವು. ತಾನು ಯಾವ ಗೇಮನ್ನೂ ಪರಿಶೀಲಿಸಿಲ್ಲ ಅಂದಿತು ಮಾಸ್ಟರ್‌ಕಾರ್ಡ್. ನಡುವಿನ ಸಂಸ್ಥೆಗಳು ಮಾಸ್ಟರ್‌ಕಾರ್ಡ್ ನಿಯಮವನ್ನೇ ತೋರಿಸಿದವು ಅಂದಿತು ಸ್ಟೀಮ್ ನಡೆಸುವ ವಾಲ್ವ್. ಸೋಪಾದಲ್ಲಾದರೂ ಒಂದು ಸೆಕ್ಷನ್ ನಂಬರ್ ಇತ್ತು, ಎದುರು ವಾದಿಸಲು ಒಬ್ಬರಿದ್ದರು. ಇಲ್ಲಿ ಮೇಲ್ಮನವಿ ಯಾರಿಗೆ ಬರೆಯಬೇಕು ಅನ್ನುವುದೇ ತಿಳಿಯದು.

ನಮ್ಮ ಕಡೆಯ ಓದು

ಇದೇ ಎರಡು ಪ್ರಶ್ನೆ ಇಟ್ಟುಕೊಂಡು ನಮ್ಮ ಆನ್‌ಲೈನ್ ಗೇಮಿಂಗ್ ಕಾಯ್ದೆ ಓದಿ. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಹಣ ಕಟ್ಟಿ ಹಣ ಗೆಲ್ಲುವ ಗೇಮ್, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧ. ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಬ್ಯಾಂಕು, ಪೇಮೆಂಟ್ ಸಂಸ್ಥೆಗಳು ಅಂಥ ಗೇಮ್‌ಗೆ ಹಣ ಸಾಗಿಸುವಂತಿಲ್ಲ. ಮತ್ತೆ ಅದೇ ಮಧ್ಯವರ್ತಿ.

ಕರ್ನಾಟಕದ್ದೇ ಒಂದು ಹಿನ್ನೆಲೆ ಇದಕ್ಕಿದೆ. 2021ರಲ್ಲಿ ರಾಜ್ಯ ತನ್ನ ಪೊಲೀಸ್ ಕಾಯ್ದೆಗೆ ಇಂಥದೇ ತಿದ್ದುಪಡಿ ತಂದಿತ್ತು. ಕೌಶಲದ ಆಟಗಳಿಗೂ ನಿಷೇಧ ಹಾಕಿದ ಆ ಭಾಗಗಳನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದು ಮಾಡಿತು. ಕೇಂದ್ರದ ಹೊಸ ಕಾಯ್ದೆಯ ವಿರುದ್ಧದ ಒಂದು ಅರ್ಜಿಯೂ ಮೊದಲು ಬಂದದ್ದು ಅದೇ ಹೈಕೋರ್ಟಿಗೆ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಹೈಕೋರ್ಟ್‌ಗಳ ಅರ್ಜಿಗಳ ಜೊತೆ ಅದನ್ನೂ ತನ್ನ ಬಳಿಗೆ ತರಿಸಿಕೊಂಡಿತು.

ಒಂದು ಅಭ್ಯಾಸ ಮಾಡಿ. ನೀವು ಪದಬಂಧದ ಗೇಮ್ ಮಾಡಿದ್ದೀರಿ ಅಂದುಕೊಳ್ಳಿ. 99 ರೂಪಾಯಿಗೆ ಮಾರುತ್ತೀರಿ, ಗೆಲ್ಲಲು ದುಡ್ಡಿಲ್ಲ. ಕಾಯ್ದೆ ಅದನ್ನು ಸೋಷಿಯಲ್ ಗೇಮ್ ಅನ್ನುತ್ತದೆ, ಒಂದು ಸಲದ ಶುಲ್ಕಕ್ಕೂ ತಿಂಗಳ ಚಂದಾಕ್ಕೂ ಅವಕಾಶವಿದೆ. ದೀಪಾವಳಿಗೆ ಒಂದು ಸ್ಪರ್ಧೆ ಇಟ್ಟು, ತಲಾ 20 ರೂಪಾಯಿ ಪಡೆದು, ಗೆದ್ದವರಿಗೆ 2,000 ಕೊಟ್ಟರೆ? ಅಲ್ಲಿಂದ ಗೇಮ್ ನಿಷೇಧದ ಕಡೆ ಜಾರುತ್ತದೆ. 20 ರೂಪಾಯಿ ಬದಲು ಅಂಗಡಿಯಲ್ಲಿ ಕೊಂಡ ಕಾಯಿನ್ ಪಡೆದರೂ ಅಷ್ಟೇ. ದುಡ್ಡು ಕೊಟ್ಟು ಕೊಂಡ ಕಾಯಿನ್, ಟೋಕನ್‌ಗಳನ್ನೂ ಕಾಯ್ದೆ ಪಣ ಅಂತಲೇ ಎಣಿಸುತ್ತದೆ. ಇನ್ನು ಪ್ರವೇಶ ಉಚಿತ, ಬಹುಮಾನ ನಿಮ್ಮ ಜೇಬಿನಿಂದ ಅಂತ ಬದಲಿಸಿ, ಅದೇ ವ್ಯಾಖ್ಯೆಯನ್ನು ಮತ್ತೆ ಮೊದಲಿಂದ ಓದಿ ನೋಡಿ.